ಕಲಾ ಮತ್ತು ದಾಳಿಂಬೆ ಸಿಪ್ಪೆಯ ತಂಬುಳಿ

ನಾವಿರುವ ಪಾರ್ಸಿಪನಿಯಿಂದ ಹ್ಯಾರಿಸನ್ನಿಗೆ ಹೋಗುವ ದಾರಿಯಲ್ಲಿ ಯಾವ ಗ್ಯಾಸ್ ಸ್ಟೇಷನ್ನಿನ ಬಾತ್‌ರೂಮಿಗೆ ಬೀಗವಿರುವುದಿಲ್ಲ, ಎಲ್ಲಿ ಕಾಫಿ ಕೊಳ್ಳದಿದ್ದರೆ ಕೀಲಿ ಕೊಡುವುದಿಲ್ಲ ಎಂಬುದೆಲ್ಲ ನನ್ನ ಗೆಳತಿ ಕಲಾಗೆ ಬಾಯಿಪಾಠ. ವರ್ಷಗಳಿಂದ ಅವಳ ಕರುಳು ಅವಳ ಮಾತು ಕೇಳುವುದಿಲ್ಲ. ಯಾವ ಗಳಿಗೆಯಲ್ಲಿ ಎದ್ದು ಓಡಬೇಕಾಗುವುದೋ ಅವಳಿಗೇ ತಿಳಿಯದು. ಪರೀಕ್ಷೆಗಳೆಲ್ಲ ಆಗಿವೆ; ಎಲ್ಲವೂ ನಾರ್ಮಲ್ ಅಂತೆ. ನಾರ್ಮಲ್ ಆದವಳು ಹೋದಲ್ಲೆಲ್ಲ ಬಾಗಿಲ ಪಕ್ಕದ ಕುರ್ಚಿಯನ್ನೇ ಯಾಕೆ ಹುಡುಕುತ್ತಾಳೆ ಎಂದು ಆ ಡಾಕ್ಟರುಗಳನ್ನು ಕೇಳಬೇಕೆನಿಸುತ್ತದೆ ನನಗೆ. ನಮ್ಮವರೋ, ಸಿಕ್ಕವರನ್ನೆಲ್ಲ ‘ಊಟ ಆಯ್ತಾ’ ಎಂದು ಕೇಳುತ್ತಾರೆ. ಉಂಡ ಮೇಲಿನ ಕಥೆ ಯಾರಿಗೂ ಬೇಡ.

ಈ ವರ್ಷ ಹ್ಯಾರಿಸನ್ನಿನಲ್ಲಿರುವ ಅವಳ ಮಗಳು ಲಾಸ್ಯಾ ಬಸುರಿಯಾದಳು. ಹೆರಿಗೆಯ ಹೊತ್ತಿಗೆ ಅಮ್ಮ ಪಕ್ಕದಲ್ಲಿರಲೇಬೇಕು ಎಂದಳು. ಅದೊಂದೇ ಆಸೆಗೆ ಕಲಾ ಆಸ್ಪತ್ರೆಯೊಂದರಲ್ಲಿ ಹೊಸ ಮಾತ್ರೆಯ ಸಂಶೋಧನೆಗೆ ಸೇರಿಕೊಂಡಳು. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ನೋಡಲು ಹಾಗೇ ಇರುವ, ಒಳಗೆ ಔಷಧಿಯೇ ಇಲ್ಲದ ಸಪ್ಪೆ ಮಾತ್ರೆ. ಯಾರದು ಯಾವುದೆಂದು ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಅಲ್ಲಿನ ನರ್ಸ್ ನಿಧಿ ಈ ದೇಶದಲ್ಲೇ ಹುಟ್ಟಿದ ಕನ್ನಡದ ಹುಡುಗಿ.

“ಬೇರೆ ಮೆಡಿಸಿನ್, ಹರ್ಬಲ್ ಏನಾದ್ರೂ ತಗೋತೀರಾ ಆಂಟಿ?” ಎಂದು ಪ್ರತಿ ಸಲವೂ ಕೇಳುತ್ತಿದ್ದಳು.

“ಏನೂ ಇಲ್ಲಮ್ಮ.”

ಕಲಾಳ ಹೊಟ್ಟೆ ಸುಧಾರಿಸಿತು. ಲೈಬ್ರರಿಯಲ್ಲಿ ಇಂಥ ತೊಂದರೆಯವರು ಸೇರುವ ಗುಂಪೊಂದಿದೆ. ನಾನೇ ಅವಳನ್ನು ಕಾರಿನಲ್ಲಿ ಕರೆದೊಯ್ಯುತ್ತೇನೆ. ಅಲ್ಲಿ ಎಂದೂ ಬಾಯಿಬಿಡದವಳು ಮಾತ್ರೆಯನ್ನು ಹೊಗಳಿದ್ದೇ ಹೊಗಳಿದ್ದು. ಕರುಳಿನ ಕಾಟಕ್ಕೆ ಕಾಲೇಜು ಬಿಟ್ಟ ಕಿಯಾರಾ ಎಂಬ ಹುಡುಗಿ ತಾನೂ ಸೇರುತ್ತೇನೆ ಎಂದಳು. ಆಮೇಲೆ, ಏನು ಊಟ ಮಾಡುತ್ತೀರಿ ಎಂದು ಸುಮ್ಮನೆ ಕೇಳಿದಳು.

ಕಲಾಗೆ ಹುರುಪು ಬಂತು. ಊರಿಂದ ಬಂದಿರುವ ಅತ್ತೆ ಶೈಲಮ್ಮ ದಿನಾ ತಂಬುಳಿ ಮಾಡುತ್ತಾರೆ, ಒಣಗಿಸಿದ ದಾಳಿಂಬೆ ಸಿಪ್ಪೆಯನ್ನು ತುಪ್ಪದಲ್ಲಿ ಹುರಿದು, ಕಾಯಿ ಜೀರಿಗೆ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸುತ್ತಾರೆ ಎಂದೆಲ್ಲ ಇಂಗ್ಲಿಷಿನಲ್ಲಿ ವರ್ಣಿಸಿದಳು. ಸಿಪ್ಪೆ ಯಾಕೆ ಎಂದಳು ಕಿಯಾರಾ.

“ಇಟ್ ಸ್ಟಾಪ್ಸ್ ಲೂಸ್ ಮೋಷನ್…” ಎಂದವಳು ಅಲ್ಲೇ ತಡೆದಳು.

ಕಾರಿನಲ್ಲಿ ಹೇಳಿದಳು: “ಅತ್ತೆ ಬಂದಿದ್ದೂ ಮಾತ್ರೆ ಶುರುವಾಗಿದ್ದೂ ಒಂದೇ ವಾರ ಕಣೆ. ನನ್ನ ವಾಸಿ ಮಾಡಿದ್ದು ಯಾವ್ದು? ಬರೀ ಸಪ್ಪೆ ಮಾತ್ರೆ ನುಂಗ್ತಿದ್ದೀನೇನೋ!”

ಮನೆಗೆ ಹೋಗಿ, ಅದು ಔಷಧಿಯಲ್ಲವೇ ಎಂದು ಕೇಳಿದರೆ ಶೈಲಮ್ಮನವರಿಗೆ ರೇಗಿತು. “ಅನ್ನಕ್ಕೆ ಕಲಸ್ಕೊಂಡು ಉಣ್ಣೋದನ್ನ ಔಷಧಿ ಅಂತಾರಾ ಯಾರಾದ್ರೂ? ಹೊಟ್ಟೆ ಸರಿಯಿಲ್ಲದವಳು ಮನೇಲಿದ್ದಾಳೆ, ಮಾಡಿ ಬಡಿಸಿದೆ.”

ಅವರು ಹೇಳಿದ್ದೂ ಸರಿ. ನಿಧಿ ಕೇಳಿದ್ದೂ ಸರಿ. ನಡುವೆ ನನಗೇ ತಲೆ ಕೆಟ್ಟುಹೋಯಿತು.

“ಹೆರಿಗೆ ಆಗೋವರೆಗೆ ಸುಮ್ನಿರು. ನೀನು ಹೇಳಿ, ಅವರು ಟ್ರಯಲ್‌ನಿಂದ ನಿನ್ನ ತೆಗೆದುಹಾಕಿದ್ರೆ, ವಾಸಿ ಮಾಡ್ತಿರೋದು ಮಾತ್ರೇನೇ ಆಗಿದ್ರೆ, ಲಾಸ್ಯಾ ಹತ್ರ ಹೇಗೆ ಹೋಗ್ತೀಯ?” ಎಂದೆ.

“ಆ ಹುಡುಗಿ ನನ್ನ ಮಾತು ನಂಬಿ ಸೇರ್ತಾಳಲ್ಲೇ” ಎಂದು ಅತ್ತಳು. ಬೆಳಿಗ್ಗೆ ನಿಧಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

“ಓ ಗಾಡ್, ಆಂಟಿ! ನಮ್ಮಜ್ಜೀನೂ ಮಾಡ್ತಾರೆ ಅದನ್ನ. ಊಟದಲ್ಲಿ ಏನೇನಿದೆ ಅಂತಾನೂ ಐ ಶುಡ್ ಹ್ಯಾವ್ ಆಸ್ಕ್ಡ್” ಎಂದಳು ನಿಧಿ. ಡಾಕ್ಟರನ್ನು ಕೇಳಿ ಮತ್ತೆ ಕರೆ ಮಾಡಿದಳು. ಸದ್ಯಕ್ಕೆ ಮಾತ್ರೆಯನ್ನಾಗಲಿ ತಂಬುಳಿಯನ್ನಾಗಲಿ ಬಿಡಬೇಕಿಲ್ಲ. ಆದರೆ ಕಲಾಳ ಫಲಿತಾಂಶವನ್ನು ಬೇರೆಯಾಗಿಯೇ ನೋಡುತ್ತಾರೆ.

“ಹಾಗಾದ್ರೆ ವಾಸಿ ಆಗಿದ್ದು ಯಾವುದ್ರಿಂದಮ್ಮ?”

“ಐ ಡೋಂಟ್ ನೋ ಆಂಟಿ. ಈಗ ಯಾರಿಗೂ ಗೊತ್ತಾಗಲ್ಲ.”

ಮುಂದಿನ ಸಲ ಗುಂಪಿನಲ್ಲಿ ಕಲಾ ಎದ್ದು ನಿಂತು ಅದನ್ನೇ ಹೇಳಿದಳು. ಕಿಯಾರಾಗೆ ಬೇಜಾರಾಯಿತು. ಆದರೂ ತಂಬುಳಿ ಮಾಡುವ ಕ್ರಮ ಕೇಳಿಕೊಂಡಳು. ಮೊದಲು ನಿನ್ನ ಡಾಕ್ಟರನ್ನು ಕೇಳು ಎಂದಳು ಕಲಾ.

ಲಾಸ್ಯಾಗೆ ನೋವು ಶುರುವಾದ ದಿನ ನಾನೇ ಡ್ರೈವ್ ಮಾಡಿದೆ. ಹೈವೇ ಪೂರ್ತಿ ಜಾಮ್. ಕಲಾ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ನನಗೆ ಜೀವ ಹೋಗಿ ಬರುತ್ತಿತ್ತು. ಯಾವಾಗಲೂ ಇಳಿಯುವ ಎಕ್ಸಿಟ್ ಬಂದದ್ದೇ, ಕೇಳದೆಯೇ ತಿರುಗಿಸಿ ಬೀಗವಿಲ್ಲದ ಬಾತ್‌ರೂಮಿನ ಮುಂದೆ ಕಾರು ನಿಲ್ಲಿಸಿದೆ.

ಅವಳು ಸುತ್ತಲೂ ನೋಡಿದಳು.

“ಇಲ್ಲಿ ಯಾಕೆ ನಿಲ್ಲಿಸ್ದೆ?” ಎಂದಳು.