ಒಂದೇಟು ಮೇಸ್ತ್ರಿ ಸುತ್ತಿಗೆ ಬಿಟ್ಟದ್ದು

ಮರ ಕೊಯ್ಯುವ ಚೈನ್ ಗರಗಸಗಳನ್ನು ರಿಪೇರಿ ಮಾಡುತ್ತಿದ್ದ ಅವನನ್ನು ಪೇಟೆಯವರೆಲ್ಲ ಒಂದೇಟು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೆಸರು ಸುಮ್ಮನೆ ಬಂದದ್ದಲ್ಲ. ಗರಗಸದ ಇಂಜಿನ್ನಿನ ಹೊಟ್ಟೆಯಲ್ಲಿ ಕ್ರ್ಯಾಂಕ್ ಅಂತ ಒಂದು ದಂಡ ಇರುತ್ತದೆ. ಪಿಸ್ಟನ್ನಿನ ಕುಣಿತವನ್ನು ಸುತ್ತಾಟವಾಗಿ ಮಾರ್ಪಡಿಸುವುದು ಅದೇ. ಅದು ಎರಡೂ ಕಡೆಯ ಬೇರಿಂಗುಗಳಲ್ಲಿ ಸಂದಿಲ್ಲದಂತೆ ಬಿಗಿಯಾಗಿ ಕೂರಬೇಕು. ಬೇರೆ ಮೇಸ್ತ್ರಿಗಳು ಅರ್ಧ ದಿನ ಒದ್ದಾಡುವ ಈ ಕೆಲಸಕ್ಕೆ ಇವನು ಇಂಜಿನ್ನಿನ ಹೊರಕವಚವಾದ ಕೇಸನ್ನು ಸ್ಟವ್ ಮೇಲೆ ಕಾಯಿಸಿ, ಕ್ರ್ಯಾಂಕ್ ಇಟ್ಟು, ಮರದ ತುಂಡು ಅಡ್ಡ ಹಿಡಿದು, ತಾಮ್ರದ ಸುತ್ತಿಗೆಯಿಂದ ಟಣ್ ಅಂತ ಒಂದೇ ಏಟು ಹಾಕುತ್ತಿದ್ದ. ಕೂತೇಬಿಡುತ್ತಿತ್ತು. ದಾರಿಹೋಕರು ನಿಂತು ನೋಡುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಅಂಗಡಿ ಎಂದರೆ ಇಬ್ಬರು ಎದುರುಬದುರಾದರೆ ಒಬ್ಬ ಅಡ್ಡ ತಿರುಗಬೇಕಾದಷ್ಟು ಜಾಗ. ಹಿಂದಿನ ಬಾಗಿಲು ತೆರೆದರೆ ಮನೆಯ ಹಿತ್ತಲು, ಅಲ್ಲೊಂದು ತಗಡಿನ ಶೆಡ್ಡು, ಅದರೊಳಗೆ ಅವನ ಅಕ್ಕನ ಲೇತು. ಅಕ್ಕ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತು ನಿವೃತ್ತಳಾದವಳು. ಕಾರ್ಖಾನೆ ಹಳೆಯದೊಂದು ಲೇತನ್ನು ಗುಜರಿಗೆ ಹಾಕಿದಾಗ ಹಟ ಹಿಡಿದು ತಂದಿಟ್ಟುಕೊಂಡಿದ್ದಳು. ಒಮ್ಮೆ, ಬಹಳ ಹಿಂದೆ, ತಮ್ಮನ ಕೆಲಸ ನೋಡಿ, "ಲೋ, ಅದನ್ನ ಹೊಡೀಬೇಡ್ವೋ. ಎಳೆದು ಕೂರಿಸ್ಬೇಕು," ಅಂದಿದ್ದಳು. ಅವನು ನಕ್ಕು, "ನೀನು ಕಬ್ಬಿಣದ ಸಿಪ್ಪೆ ಸುಲಿ ಅಕ್ಕಾ, ಇಂಜಿನ್ ನನಗೆ ಬಿಡು," ಅಂದಿದ್ದ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಬೆಳಿಗ್ಗೆ ಮರ ಕಡಿಯುವವನು ಬಂದ. ರಸ್ತೆ ಬದಿಯ ಒಣಮರ, ಗಾಳಿಗೆ ವಾಲಿದ ಮರ ಹತ್ತಿ ಕೊಂಬೆ ಇಳಿಸುವ ಗಟ್ಟಿ ಆಳು. ಅದೇ ಗರಗಸ ತರುತ್ತಿರುವುದು ಇದು ಮೂರನೇ ಸಲ. ಅವನ ಅಂಗಿಯ ಗುಂಡಿಗಳು ಎದೆಯವರೆಗೂ ತೆರೆದಿದ್ದವು.

"ಏನಪ್ಪಾ, ಸೆಕೆನಾ?" ಮೇಸ್ತ್ರಿ ತಮಾಷೆ ಮಾಡಿದ.

"ಇಲ್ಲ ಮೇಸ್ತ್ರಿ. ಗುಂಡಿ ಹಾಕ್ಕೊಳ್ಳೋಕೆ ಬೆರಳು ಬರ್ತಿಲ್ಲ. ದಿನಾ ಮನೆಯವಳೇ ಹಾಕ್ತಾಳೆ. ಇವತ್ತು ಅವಳು ಬೇಗ ಕೆಲಸಕ್ಕೆ ಹೋದಳು." ಅವನು ಕೈ ಚಾಚಿ ತೋರಿಸಿದ. ಬೆರಳ ತುದಿಗಳು ಸುಣ್ಣ ಬಳಿದಂತೆ ಬೆಳ್ಳಗಿದ್ದವು. "ಗರಗಸ ಹಿಡಿದು ಹತ್ತು ನಿಮಿಷ ಆದ್ರೆ ಸಾಕು, ಜುಮ್ ಅಂತ ಮರಗಟ್ಟುತ್ತೆ. ಸ್ವಲ್ಪ ನೋಡಿ."

"ಅದು ಗರಗಸದ್ದಲ್ಲಪ್ಪ, ಕೈದು. ಹೋಗಿ ಡಾಕ್ಟರಿಗೆ ತೋರಿಸು."

"ತೋರಿಸ್ದೆ. ಅವರು ಗರಗಸನ ಮೇಸ್ತ್ರಿಗೆ ತೋರಿಸು ಅಂದ್ರು."

ಮೇಸ್ತ್ರಿ ನಕ್ಕ. ಆದರೆ ಆ ನಗು ಅರ್ಧಕ್ಕೇ ನಿಂತಿತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ತಾನು ಗಿರಾಕಿಯ ಕೈಯನ್ನೇ ದೂರುತ್ತಿದ್ದೇನೆ ಅಂತ ಅವನಿಗೇ ಒಳಗೆ ಚುಚ್ಚಿತು.

ಅವನು ಹೋದ ಮೇಲೆ ಗರಗಸ ಬಿಚ್ಚಿದ. ಹಿಡಿಯ ರಬ್ಬರುಗಳು ಹೊಸವು, ತಾನೇ ಹಾಕಿದ್ದು. ಬೇರಿಂಗುಗಳಿಗೆ ನಾಲ್ಕೇ ತಿಂಗಳು, ಅವೂ ತಾನೇ ಹಾಕಿದ್ದು, ಆಗಲೇ ಗರಗರ ಅನ್ನುತ್ತಿದ್ದವು. ಬದಲಾಯಿಸದೆ ಉಳಿದದ್ದು ಒಂದೇ, ತನ್ನ ಏಟು. ಕ್ರ್ಯಾಂಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಿತ್ತಲ ಬಾಗಿಲು ದಾಟಿದ.

ಅಕ್ಕ ಬಟ್ಟೆ ಬಿಡಿಸಿದಳು. ಕ್ರ್ಯಾಂಕನ್ನು ಲೇತಿನ ಎರಡು ಮೊನೆಗಳ ನಡುವೆ ಹಿಡಿಸಿ, ಓಲಾಟ ಅಳೆಯುವ ಡಯಲಿನ ಕಡ್ಡಿಯನ್ನು ಅದಕ್ಕೆ ತಾಗಿಸಿ ಮೆಲ್ಲಗೆ ತಿರುಗಿಸಿದಳು. ಆ ಡಯಲಿನಲ್ಲಿ ಒಂದು ಗೆರೆ ಎಂದರೆ ಕೂದಲನ್ನು ಆರೇಳು ಸೀಳು ಮಾಡಿದರೆ ಸಿಗುವ ಒಂದು ಸೀಳು. ಮುಳ್ಳು ಹನ್ನೆರಡು ಗೆರೆ ಹೋಗಿ ಹನ್ನೆರಡು ಗೆರೆ ವಾಪಸು ಬಂತು.

"ಎರಡು ಮೂರು ಗೆರೆ ಆಡಿದರೆ ಸರಿ," ಅಂದಳು.

"ಹಳೇ ಕ್ರ್ಯಾಂಕ್ ಅಕ್ಕಾ. ಎಲ್ಲೋ ಮರದಿಂದ ಬೀಳಿಸಿರ್ತಾನೆ."

"ಹೊಸದು ಇದ್ರೆ ತಗೊಂಡ್ಬಾ."

ಕಪಾಟಿನಲ್ಲಿದ್ದ ಹೊಸ ಕ್ರ್ಯಾಂಕ್ ತಂದ. ಎಣ್ಣೆ ಕಾಗದ ಬಿಡಿಸಿ ತಿರುಗಿಸಿದರೆ ಮುಳ್ಳು ಒಂದೂವರೆ ಗೆರೆಗಿಂತ ಅಲುಗಲಿಲ್ಲ. "ಈಗ ನಿನ್ನ ಪದ್ಧತಿಯಲ್ಲೇ ಕೂರಿಸು," ಅಂದಳು ಅಕ್ಕ. ಅವನು ಸ್ಟವ್ ಹಚ್ಚಿ ಕೇಸು ಕಾಯಿಸಿ, ಅವಳೆದುರಿಗೇ ಹೊಡೆದ. ಒಂದೇ ಏಟು. ಅಚ್ಚುಕಟ್ಟಾಗಿ ಕೂತಿತು. ಅಕ್ಕ ಮತ್ತೆ ಕಾಯಿಸಿ, ಮೆಲ್ಲಗೆ ಬಿಡಿಸಿ, ಲೇತಿಗೆ ಹಿಡಿಸಿದಳು. ಒಂಬತ್ತು ಗೆರೆ.

"ಇದೇನು ಒಂದೇ ಕಬ್ಬಿಣ ಅಂದ್ಕೊಂಡ್ಯಾ? ಮೂರು ತುಂಡು ಒತ್ತಿ ಸೇರಿಸಿದ್ದು ಕಣೋ. ಒಂದು ತುದಿಗೆ ಬಡಿದರೆ ಇನ್ನೊಂದು ತುದಿ ಜರುಗುತ್ತೆ."

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ಮೂಲೆಯ ಸ್ಟೂಲಿನ ಮೇಲೆ ಕುಸಿದು ಕೂತ. ಒಂದೊಂದೇ ಮುಖ ಕಣ್ಣ ಮುಂದೆ ಬಂತು. ಮೊಣಕೈ ನೋವು ಅನ್ನುತ್ತಿದ್ದ ಬಡಗಿ. ಗರಗಸ ಕಂಡರೆ ಕೈ ನಡುಗುತ್ತೆ ಅನ್ನುತ್ತಿದ್ದ ತೋಟದ ಮುದುಕ. ಎಲ್ಲರಿಗೂ ಇವನು ಹೇಳಿದ್ದು ಒಂದೇ ಮಾತು: ವಯಸ್ಸಾಯ್ತು, ಎಣ್ಣೆ ತಿಕ್ಕಿ.

"ನೀನು ಅವತ್ತೇ ಗಟ್ಟಿಯಾಗಿ ಹೇಳ್ಬಾರ್ದಿತ್ತಾ ಅಕ್ಕಾ?"

"ಗಟ್ಟಿಯಾಗಿ ಹೇಳೋಕೆ ನಿನ್ನ ಸುತ್ತಿಗೆ ಸದ್ದು ಬಿಡ್ಬೇಕಲ್ಲ." ಆಮೇಲೆ ಅವಳ ದನಿ ಇಳಿಯಿತು. "ಕೂತು ಕೊರಗಿದ್ರೆ ಬಾಗಿದ್ದು ನೆಟ್ಟಗಾಗಲ್ಲ. ಏಳು, ಒಂದು ಕೊಳವೆ ಹುಡುಕು."

ಸೈಕಲ್ಲಿನ ಸೀಟು ಸಿಕ್ಕಿಸುವ ಕೊಳವೆ ಸಿಕ್ಕಿತು. ಅದನ್ನು ಗೇಣುದ್ದ ಕತ್ತರಿಸಿದ. ಬೇರಿಂಗಿನ ಒಳಬಳೆಯ ಮೇಲೆ ಮಾತ್ರ ಅದು ಕೂರಬೇಕು, ಹೊರಬಳೆ ಮುಟ್ಟಿದರೆ ಗುಂಡುಗಳು ಜಜ್ಜಿಹೋಗುತ್ತವೆ. ಅವನು ಕೊಯ್ದ ತುದಿ ಓರೆಯಾಗಿತ್ತು. ಅಕ್ಕ ಕಸಿದುಕೊಂಡು ಲೇತಿನಲ್ಲಿ ಎರಡೂ ತುದಿ ನೇರ ಮಾಡಿದಳು. ಹಳೆಯ ಆಕ್ಸಲ್ಲಿನ ತುಂಡಿನಿಂದ ಉದ್ದನೆಯ ನಟ್ಟು ಕಡೆದಳು. ಅದರ ಒಂದು ತುದಿಗೆ ಕ್ರ್ಯಾಂಕಿನ ಮರೆ, ಅಂದರೆ ತಿರುಪಿನ ಗೀರು, ಇನ್ನೊಂದು ತುದಿಗೆ ಉದ್ದ ಬೋಲ್ಟಿನ ಮರೆ. ಕ್ರ್ಯಾಂಕಿನ ತುದಿಗೆ ಈ ನಟ್ಟು ಹಾಕಿ, ಸುತ್ತ ಕೊಳವೆ ಇಟ್ಟು, ಮೇಲೆ ದಪ್ಪ ವಾಷರ್ ಕೂರಿಸಿ ಬೋಲ್ಟಿನ ಮೇಲಿನ ನಟ್ಟು ತಿರುಗಿಸಿದರೆ, ಬಾವಿಯಿಂದ ಕೊಡ ಸೇದಿದ ಹಾಗೆ ಕ್ರ್ಯಾಂಕ್ ತಾನಾಗಿ ಬೇರಿಂಗಿನೊಳಕ್ಕೆ ಏರಿ ಬರಬೇಕು.

ಕೇಸಿನ ಒಂದು ಕಡೆ ಹಾಗೇ ಬಂತು. ಇನ್ನೊಂದು ಕಡೆ, ಕ್ಲಚ್ಚಿರುವ ಕಡೆ, ನಟ್ಟು ಮರೆಗೆ ಕಚ್ಚಲೇ ಇಲ್ಲ. ಮೇಸ್ತ್ರಿ ಬೆವರು ಒರೆಸಿಕೊಂಡು ಮತ್ತೆ ಮತ್ತೆ ತಿರುಗಿಸಿದ. "ನಿನ್ನ ಅಳತೆ ತಪ್ಪಿದೆ ಅಕ್ಕಾ," ಅಂದ.

ಅಕ್ಕ ಕನ್ನಡಕ ಏರಿಸಿ ನೋಡಿದಳು. "ಕ್ಲಚ್ ಬಿಚ್ಚೋಕೆ ಯಾವ ಕಡೆ ತಿರುಗಿಸ್ತೀಯೋ?"

"ಬಲಕ್ಕೆ," ಅಂದವನು ನಾಲಿಗೆ ಕಚ್ಚಿಕೊಂಡ. ಆ ಕಡೆಯದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಎಡಮರೆ. ದಿನಕ್ಕೆ ನಾಲ್ಕು ಸಲ ಬಿಚ್ಚುವವನು ಅಕ್ಕನಿಗೆ ಅಳತೆಯ ಚೀಟಿ ಬರೆದುಕೊಡುವಾಗ ಅದನ್ನೇ ಮರೆತಿದ್ದ. ಅಕ್ಕನಿಗೆ ನಗು ತಡೆಯಲಾಗಲಿಲ್ಲ, ಲೇತಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ದಿನ ಮೊದಲ ಸಲ ಅವನೂ ನಕ್ಕ. ಎಡಮರೆಯ ನಟ್ಟು ಕಡೆಯಲು ಮತ್ತೊಂದು ದಿನ ಹಿಡಿಯಿತು.

ಮೂರನೇ ದಿನ ಇನ್ನೊಂದು ಹೊಸ ಕ್ರ್ಯಾಂಕ್ ತರಿಸಿ, ಪಾನಾ ಹಿಡಿದು ಕಾಲು ಕಾಲು ಸುತ್ತು ತಿರುಗಿಸುತ್ತ ಹೋದ. ಟಣ್ ಇಲ್ಲ, ಗುಡುಗಿಲ್ಲ. ಬಿಗಿ ಅಂಗೈಯಲ್ಲೇ ತಿಳಿಯುತ್ತಿತ್ತು. ಕೊನೆಗೆ ಪಾನಾ ತಟ್ಟನೆ ಭಾರವಾಯಿತು, ತಳ ಮುಟ್ಟಿತ್ತು. ಹೊರಗೆ ಚಾಚಿದ ತುದಿಗೆ ಡಯಲ್ ತಾಗಿಸಿ ನೋಡಿದರು. ಎರಡು ಗೆರೆ. ಬಾಗಿಲಲ್ಲಿ ನೋಡುವವರು ಯಾರೂ ಇರಲಿಲ್ಲ. ನೋಡುವಂಥದ್ದೂ ಏನಿರಲಿಲ್ಲ.

ಮರ ಕಡಿಯುವವನಿಗೆ ಹೇಳಿಕಳಿಸಬಹುದಿತ್ತು. ಮೇಸ್ತ್ರಿ ಗರಗಸವನ್ನು ಹೆಗಲಿಗೆ ಹಾಕಿಕೊಂಡು ತಾನೇ ಹೋದ. ಎರಡನೇ ಮಹಡಿಯ ಒಂದು ಕೋಣೆಯ ಮನೆ. ಹೆಂಡತಿ ಬಾಗಿಲು ತೆರೆದಳು. ಗಂಡ ಮಂಚದ ತುದಿಯಲ್ಲಿ ಕೂತು ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡಿದ್ದ.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಬಾಗಿಲಲ್ಲೇ ಉದುರಿಹೋಯಿತು. "ತಪ್ಪು ನಂದು," ಅಂದ. "ನಾನು ಹೊಡೆದು ಕೂರಿಸಿದ್ದಕ್ಕೇ ಅದು ಬಾಗಿ ಅದುರ್ತಿತ್ತು. ನಿನ್ನ ಕೈದೇನೂ ತಪ್ಪಿಲ್ಲ."

ಮಾತಾಡಿದ್ದು ಹೆಂಡತಿ. "ಎಣ್ಣೆ ತಿಕ್ಕು ಅಂದ್ರಂತಲ್ಲ ನೀವು? ಒಂದು ವರ್ಷ ತಿಕ್ಕಿದ್ದೀನಿ. ದಿನಾ ರಾತ್ರಿ. ಈ ಕೈ ಯಾರು ಸರಿ ಮಾಡ್ತಾರೆ, ಹೇಳಿ?"

ಮೇಸ್ತ್ರಿ ತಲೆ ತಗ್ಗಿಸಿ ನಿಂತ.

ಗಂಡ ಕೈ ಒರೆಸಿಕೊಂಡು ಎದ್ದ. ಮೂವರೂ ಅಂಗಳಕ್ಕಿಳಿದರು. ಗರಗಸ ಹತ್ತಿಸುವ ಹಗ್ಗ ಎಳೆಯಲು ಅವನಿಗೆ ಆಗದು ಅಂತ ಮೇಸ್ತ್ರಿ ಕೈ ಚಾಚಿದ. "ಇರ್ಲಿ ಬಿಡಿ," ಅಂದು ಅವನೇ ಎಳೆದ. ಗರಗಸ ಹತ್ತಿಕೊಂಡಿತು. ಎರಡೂ ಕೈಯಲ್ಲಿ ಹಿಡಿದು, ಮರವೂ ಇಲ್ಲ ಏನೂ ಇಲ್ಲ, ಸುಮ್ಮನೆ ನಿಂತುಕೊಂಡ. ಆರಿಸಿದ ಮೇಲೆ ಹೆಂಡತಿಯ ಕಡೆ ತಿರುಗಿ, "ಅದುರ್ತಿಲ್ಲ ಕಣೇ," ಅಂದ. ಅವಳು ಕೆನ್ನೆ ಒರೆಸಿಕೊಂಡು ಒಳಗೆ ಹೋದಳು. ಮೇಸ್ತ್ರಿಗೆ ಕೂತ್ಕೊಳ್ಳಿ ಅನ್ನಲಿಲ್ಲ.

ಡಾಕ್ಟರು ಅವನಿಗೆ ಎರಡು ತಿಂಗಳು ಮರ ಹತ್ತಬೇಡ ಅಂದರು. ಆ ಎರಡು ತಿಂಗಳು ಮೇಸ್ತ್ರಿ ಅವನನ್ನು ಅಂಗಡಿಯಲ್ಲಿ ಚೈನಿನ ಹಲ್ಲು ಹರಿತ ಮಾಡಲು ಕೂರಿಸಿಕೊಂಡ. ಹೆಬ್ಬೆರಳು, ಅದರ ಪಕ್ಕದೆರಡು ಬೆರಳಿಗೆ ಜೀವ ಬಂತು. ಉಂಗುರಬೆರಳಿಗೂ ಕಿರುಬೆರಳಿಗೂ ಇನ್ನೂ ಪೂರ್ತಿ ಬಂದಿಲ್ಲ.

ಉಳಿದ ಗರಗಸಗಳನ್ನು ಮೇಸ್ತ್ರಿ ನೆನಪು ಮಾಡಿ ಮಾಡಿ ಕರೆಸಿದ. ಕೆಲವರು ಬೈದರು. ಇಬ್ಬರು ಮತ್ತೆ ಅತ್ತ ತಲೆ ಹಾಕಲಿಲ್ಲ. ಎದುರು ಬೀದಿಯ ಮೇಸ್ತ್ರಿ ಮಾತ್ರ ಯಾರೂ ಇಲ್ಲದ ಹೊತ್ತು ನೋಡಿ ಬಂದು, "ಆ ಕೊಳವೆ ಒಂಚೂರು ಕೊಡಿ, ಅಳತೆ ತಗೋತೀನಿ," ಅಂದ. ಅಕ್ಕ ಅವನಿಗೆ ಎರಡೂ ನಟ್ಟು ಕಡೆದುಕೊಟ್ಟಳು, ಎಡಮರೆಯದಕ್ಕೆ ಕೆಂಪು ಬಣ್ಣ ಬಳಿದು.

ಕೊನೆಗೆ ಒಂದೇ ಒಂದು ಗರಗಸ ಉಳಿಯಿತು. ಅದರ ಒಡೆಯ ಅದನ್ನು ಬಸ್ಸಿನಲ್ಲಿ ಮೂರು ಗಂಟೆ ದೂರದ ಒಬ್ಬ ಕುರ್ಚಿ ಮಾಡುವವನಿಗೆ ಮಾರಿದ್ದ. ಮೇಸ್ತ್ರಿ ಅಕ್ಕನ ಡಯಲನ್ನು ಚೀಲದಲ್ಲಿ ಹಾಕಿಕೊಂಡು ಅಲ್ಲಿಗೂ ಹೋದ. ಕುರ್ಚಿ ಮಾಡುವವನಿಗೆ ಇವನ ತಲೆ ನೆಟ್ಟಗಿಲ್ಲ ಅನ್ನಿಸಿರಬೇಕು. "ಚೆನ್ನಾಗೇ ನಡೀತಿದೆಯಲ್ಲ ಸ್ವಾಮಿ, ಯಾಕೆ ಬಿಚ್ತೀರಿ?" ಅಂದ. ಹೇಗೋ ಒಪ್ಪಿಸಿ, ಮುಚ್ಚಳ ಬಿಚ್ಚಿ, ಡಯಲ್ ತಾಗಿಸಿ ತಿರುಗಿಸಿದ. ಎರಡೇ ಗೆರೆ. ಇನ್ನೊಂದು ಕಡೆ ನೋಡಿದ. ಅಲ್ಲೂ ಎರಡೇ. ಅದೊಂದು ಮಾತ್ರ, ಯಾವ ಪುಣ್ಯಕ್ಕೋ, ಅವನ ಏಟಿಗೂ ಬಾಗದೆ ನೆಟ್ಟಗೆ ಕೂತಿತ್ತು.

ಮುಚ್ಚಳ ಹಾಕಿ, ಚೈನಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಮೇಸ್ತ್ರಿ ಮಧ್ಯಾಹ್ನದ ಬಸ್ಸಿಗೆ ವಾಪಸು ಹೊರಟ.