ಬೆಚ್ಚದ ಮಗುವಿನ ಆಟಿಕೆಗಳು

ಬಂಗಾರಪೇಟೆಯ ಸ್ಟೇಷನ್ನಿನಿಂದ ಬಜಾರಿಗೆ ಹೋಗುವ ದಾರಿಯಲ್ಲಿ ಒಂದು ಆಟಿಕೆ ಅಂಗಡಿ ಇದೆ. ಬಾಗಿಲ ಮೇಲೆ ಬಲೆಯಲ್ಲಿ ತುಂಬಿದ ಚೆಂಡುಗಳು ನೇತಾಡುತ್ತವೆ. ಒಳಗೆ ಕಾಲಿಟ್ಟರೆ ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಮಗಳಿಗೆ ಆರು ತಿಂಗಳು ತುಂಬಿದಾಗ ಅಲ್ಲಿಗೆ ಮೊದಲ ಸಲ ಹೋದೆ, ಕೈಯಲ್ಲೊಂದು ಪಟ್ಟಿ ಹಿಡಿದುಕೊಂಡು. ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಮಗು ಹುಟ್ಟುವವರೆಗೆ ಅದೇ ಊರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಪಟ್ಟಿಯಿಲ್ಲದೆ ಟೊಮೆಟೊ ಕೂಡ ಕೊಳ್ಳುವುದಿಲ್ಲ. ಫೋನಿನಲ್ಲಿ ಓದಿ ಓದಿ ಬರೆದುಕೊಂಡಿದ್ದೆ: ವಯಸ್ಸಿಗೆ ತಕ್ಕದ್ದಿರಬೇಕು, ಪುಟ್ಟ ಕೈಗೆ ಸಿಗಬೇಕು, ಬಾಯಿಗೆ ಹೋಗಬಾರದು, ಮಗುವಿನ ಗಮನ ಹಿಡಿದಿಡಬೇಕು.

ಅಂಗಡಿಯವನು ಪಟ್ಟಿಯ ಕಡೆ ಕಣ್ಣೂ ಹಾಯಿಸಲಿಲ್ಲ.

"ಗಂಡುಮಗೂನಾ, ಎಣ್ಣುಮಗೂನಾ ಮೇಡಂ?"

ಹೆಣ್ಣು ಎಂದೆ. ಗುಲಾಬಿ ಪೆಟ್ಟಿಗೆಗಳ ಸಾಲಿನತ್ತ ಕೈ ಮಾಡಿದ. ಅವನ ಮಟ್ಟಿಗೆ ಶಿಶು ಮನಶ್ಶಾಸ್ತ್ರ ಅಲ್ಲಿಗೆ ಮುಗಿದಿತ್ತು.

"ಇದು ತಗೊಳಿ. ಮೆದುಳು ಬೆಳೀತದೆ. ಡಬ್ಬದ ಮೇಲೇ ಬರ್ದವ್ರೆ ನೋಡಿ."

"ನಿಮ್ಮ ಮಕ್ಕಳಿಗೂ ಇದರಿಂದಲೇ ಬೆಳೀತಾ?"

ನನ್ನ ಕೊಂಕು ಅವನಿಗೆ ತಾಗಲಿಲ್ಲ. ಹಲ್ಲು ಬಿಟ್ಟು ನಕ್ಕ. "ನಮ್ ಮನೆಗೆಲ್ಲಿ ಮೇಡಂ ಇಂಥದ್ದೆಲ್ಲ! ನಮ್ ಮಕ್ಳು ಕಾಲಿ ಡಬ್ಬದಾಗೇ ಆಡ್ಕೊಂಡು ದೊಡ್ಡೋರಾದ್ರು."

ಆ ಅಂಗಡಿಯನ್ನು ಮನಸ್ಸಿನಲ್ಲೇ ಹೀಗಳೆಯುತ್ತಾ ಅಲ್ಲಿದ್ದ ಅತಿ ದುಬಾರಿ ವಸ್ತುವನ್ನು ಎತ್ತಿಕೊಂಡು ಬಂದೆ. ಓದಿದವರು ಮೋಸಹೋಗುವುದು ಹಾಗೆಯೇ, ಎಲ್ಲ ಗೊತ್ತಿದೆ ಎಂದು ತುಟಿಯಂಚಿನಲ್ಲಿ ನಗುತ್ತಾ. ಅದೊಂದು ಬ್ಯಾಟರಿ ಡೋಲು. ಮೇಲೆ ತಟ್ಟಿದರೆ ಕೆಂಪು, ಹಸಿರು, ನೀಲಿ ದೀಪಗಳು ಸುತ್ತಲೂ ಓಡುತ್ತಿದ್ದವು, ಮೂಗಿನಲ್ಲಿ ಮಾತಾಡುವ ಹೆಂಗಸೊಬ್ಬಳು ಪ್ರಾಣಿಗಳ ಹಾಡು ಹೇಳುತ್ತಿದ್ದಳು. ಅದರಲ್ಲಿ ಹಸು ಕೂಡ ಇಂಗ್ಲಿಷಿನಲ್ಲೇ ಕೂಗುತ್ತಿತ್ತು. ಮಗಳು ದೀಪ ಕಂಡದ್ದೇ ಎರಡೂ ಕೈ ಬಡಿದು ಕೇಕೆ ಹಾಕಿದಳು. ಪಟ್ಟಿಯ ಕೊನೆಯ ಅಂಶಕ್ಕೆ ಗುರುತು ಹಾಕಿದೆ: ಗಮನ ಹಿಡಿದಿಡುತ್ತದೆ.

ನಾವಿರುವುದು ಕೆಜಿಎಫ್‌ನಲ್ಲಿ, ನನ್ನ ಗಂಡ ಕೆಲಸ ಮಾಡುವ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಇಲ್ಲಿನ ಮನೆಗಳಲ್ಲಿ ಆಟಿಕೆಗಳಿರುವುದು ಷೋಕೇಸಿನೊಳಗೆ. ಗಾಜಿನ ಹಿಂದೆ, ಪ್ಲಾಸ್ಟಿಕ್ ಕವರು ಬಿಚ್ಚದ ಕರಡಿ, ಬೀಗದ ಕೈ ಅಮ್ಮನ ಬಳಿ. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತಿರುತ್ತವೆ. "ಕೊಟ್ರೆ ಮುರ್ದಾಕ್ತಾರೆ" ಎನ್ನುತ್ತಾರೆ ತಾಯಂದಿರು, ಮುರಿಯುವುದೂ ಆಟವೆಂಬುದು ಯಾರಿಗೂ ಹೊಳೆದಂತಿಲ್ಲ. ಒಬ್ಬರ ಮನೆಯ ನಾಮಕರಣಕ್ಕೆ ಬಂದ ಪೆಟ್ಟಿಗೆ ಹೊಸ ಬಣ್ಣದ ಕಾಗದ ಸುತ್ತಿಕೊಂಡು ಇನ್ನೊಬ್ಬರ ಮನೆಯ ಹುಟ್ಟುಹಬ್ಬಕ್ಕೆ ಹೋಗುತ್ತದೆ. ನಮಗೆ ಬಂದ ಹಾಡುವ ಕಾರುಗಳಲ್ಲೊಂದರ ಬ್ಯಾಟರಿ ಒಳಗೇ ಸೋರಿ ಹಸಿರುಗಟ್ಟಿತ್ತು. ಎಷ್ಟು ಮನೆ ಸುತ್ತಿತ್ತೋ! ಇವರನ್ನೆಲ್ಲ ನಾನು ದಿನಚರಿಯಲ್ಲಿ ಪುಟಗಟ್ಟಲೆ ಆಡಿಕೊಂಡಿದ್ದೇನೆ. ಈಗ ಓದಿದರೆ ಅಕ್ಷರಗಳೂ ಮೂಗು ಮುರಿದಂತೆ ಕಾಣುತ್ತವೆ.

ನಮ್ಮ ಸಾಲಿನಲ್ಲಿ ಮಕ್ಕಳನ್ನು ಅಳೆಯಲು ಇನ್ನೊಂದು ಮಾಪನವಿತ್ತು, ಕಾರ್ಖಾನೆಯ ಸೈರನ್. ಬೇರೆ ಬೇರೆ ಜಿಲ್ಲೆಗಳಿಂದ ಬಂದ ಸಂಸಾರಗಳು ಇವು. ಊರಲ್ಲಿ ಹೆತ್ತು ಮೂರು ತಿಂಗಳ ಕೂಸನ್ನು ಇಲ್ಲಿಗೆ ತಂದರೆ ಮೊದಲ ಸೈರನ್ನಿಗೇ ಅದು ಬೆಚ್ಚಿಬಿದ್ದು ಕಿರುಚುತ್ತದೆ. ದಿನ ಕಳೆದಂತೆ ಬೆಚ್ಚುವುದು ನಿಲ್ಲುತ್ತದೆ. ಆಗ ಅದು ಇಲ್ಲಿನ ಮಗುವಾಯಿತೆಂದು ಲೆಕ್ಕ. ನನ್ನ ಮಗಳು ಮೊದಲ ದಿನದಿಂದಲೇ ಬೆಚ್ಚಲಿಲ್ಲ.

ಪಕ್ಕದ ಮನೆಯವರು ಧಾರವಾಡದ ಕಡೆಯವರು. ಅವರ ಯಜಮಾನರು ಇಪ್ಪತ್ತು ವರ್ಷ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ತಗಡು ಒತ್ತುವ ಯಂತ್ರಗಳ ಗದ್ದಲದಲ್ಲಿ ನಿಂತು ಕಿವಿ ಮಂದ ಮಾಡಿಕೊಂಡವರು. ಅವರ ಮನೆಯ ಟಿ.ವಿ. ವಾರ್ತೆಯನ್ನು ನಾವು ನಮ್ಮ ಮನೆಯಲ್ಲೇ ಕುಳಿತು ಕೇಳುತ್ತೇವೆ. ಆಕೆ ತೊಟ್ಟಿಲಿಗೆ ಬಗ್ಗಿ, "ಭಾರಿ ಅದ ರೀ ನಿಮ್ಮ ಕೂಸು! ನಮ್ಮ ಮನ್ಯಾಗಿನವು ಆರ್ ತಿಂಗಳ ತನಕಾ ಬೆಚ್ಚಿ ಬೀಳತಿದ್ವು. ಇದು ಸೈರನ್ ಹೊಡದ್ರೂ ಕಣ್ ತೆಗಿಲಿಲ್ಲ ನೋಡ್ರಿ. ಹೊಟ್ಟ್ಯಾಗಿಂದನ ಫ್ಯಾಕ್ಟರಿ ಕೂಸು!" ಎಂದರು.

ಆ ಮಾತಿಗೆ ಒಳಗೊಳಗೇ ಉಬ್ಬಿದ್ದೆ. ಇದು ನನ್ನ ನೆನಪಲ್ಲ, ದಿನಚರಿಯಲ್ಲೇ ಇದೆ: "ಧೈರ್ಯದ ಮಗು." ಹುಟ್ಟಿದಾಗ ಮಾಡಿಸಬೇಕಿದ್ದ ಕಿವಿಯ ಪರೀಕ್ಷೆಗೆ ಕೊಟ್ಟ ದಿನ, ನಾಮಕರಣದ ಗಡಿಬಿಡಿಯಲ್ಲಿ ನಾವು ಹೋಗಲೇ ಇಲ್ಲ. ಅದು ದಿನಚರಿಯಲ್ಲಿಲ್ಲ.

ಮಗುವಿಗೆ ಎಂಟು ತಿಂಗಳಾದಾಗ ನನ್ನ ಅತ್ತೆ ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದರು. ಚೀಲದಲ್ಲಿ ರಾಗಿಹಿಟ್ಟು, ಅವರೆಕಾಯಿ, ಜತೆಗೊಂದು ಹಳೆಯ ತಗಡಿನ ಪೌಡರ್ ಡಬ್ಬಿ. ಡಬ್ಬಿಯೊಳಗೆ ಹುಣಸೆಬೀಜ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದ್ದರು. ಅದೇ ಮೊಮ್ಮಗಳಿಗೆ ತಂದ ಗಿಲಕಿ. ಡಬ್ಬಿಯ ಮೇಲಿನ ಚಿತ್ರ ಸವೆದು, ಹೆಂಗಸಿನ ಮುಖದಲ್ಲಿ ಒಂದು ಕಣ್ಣು ಮಾತ್ರ ಉಳಿದಿತ್ತು.

"ಬೀಜ ಗಂಟಲಿಗೆ ಸಿಕ್ಕರೆ ಏನು ಗತಿ ಅತ್ತೆ?" ಎಂದೆ. ಅಷ್ಟೇ ಅಂದೆನೆಂದು ನನ್ನ ನೆನಪು. ದನಿಯಲ್ಲಿ ಏನೇನಿತ್ತೋ.

ಅವರು ಡೋಲಿನ ಮುಂದೆ ಕುಳಿತಿದ್ದ ಮಗುವಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಡಬ್ಬಿ ಅಲ್ಲಾಡಿಸಿದರು. ಮಗು ತಿರುಗಲಿಲ್ಲ. ಬಲಗಿವಿಯ ಹತ್ತಿರ ಅಲ್ಲಾಡಿಸಿದರು, ಎಡಗಿವಿಯ ಹತ್ತಿರ ಅಲ್ಲಾಡಿಸಿದರು. ಮಗು ದೀಪಗಳನ್ನೇ ನೋಡುತ್ತಿತ್ತು.

"ಇದ್ಯಾಕಮ್ಮ, ಇಂದ್ಗಡೆ ಇಷ್ಟು ಸದ್ದು ಮಾಡಿದ್ರೂ ತಿರುಗೋದೇ ಇಲ್ಲ?"

"ಅವಳಿಗೆ ಆ ಡಬ್ಬಿ ಇಷ್ಟವಾಗಿಲ್ಲ ಅತ್ತೆ."

"ಅಂಗಂತೀಯಾ?" ಎಂದು ನನ್ನ ಮುಖ ನೋಡಿದರು.

ಆ ದಿನದ ಪುಟ ನನ್ನ ಮುಂದೆಯೇ ಇದೆ. "ಅತ್ತೆ ತಂದ ಡಬ್ಬಿಗೆ ಮಗಳು ಸೊಪ್ಪೇ ಹಾಕಲಿಲ್ಲ. ಒಳ್ಳೆಯ ಅಭಿರುಚಿ." ನನ್ನದೇ ಕೈಬರಹ, ದುಂಡಗೆ, ಒಂದೂ ಕಾಟು ಇಲ್ಲ. ಮರುದಿನ ಅತ್ತೆ ಹೊರಟಾಗ ಡಬ್ಬಿಯನ್ನು ಅವರ ಚೀಲಕ್ಕೇ ಹಾಕಿ ಕಳಿಸಿದೆ.

ಡೋಲಿನ ಹಾಡು ದಿನಕ್ಕೆ ನೂರು ಸಲ ಕೇಳಿ ನನಗೆ ತಲೆ ಕೆಟ್ಟಿತು. ಒಂದು ಭಾನುವಾರ ಗಂಡನಿಗೆ ಹೇಳಿ ಸ್ಪೀಕರಿನ ವೈರು ಕತ್ತರಿಸಿ ಹಾಕಿಸಿದೆ. ದೀಪ ಉಳಿಯಿತು, ಮೂಗಿನ ಹೆಂಗಸೂ ಇಂಗ್ಲಿಷ್ ಹಸುವೂ ಸತ್ತವು. ಮಗಳು ಮೊದಲಿನಷ್ಟೇ ಕೇಕೆ ಹಾಕಿ ಆಡಿದಳು, ಸ್ವಲ್ಪವೂ ವ್ಯತ್ಯಾಸವಿಲ್ಲ. ನಾನು ಗೆದ್ದವಳಂತೆ, "ನೋಡಿದ್ರಾ, ಮಗೂಗೂ ಆ ಹಾಡು ಬೇಕಿರಲಿಲ್ಲ!" ಎಂದು ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮೂಕ ಡೋಲಿನ ಮುಂದೆ ಮಗು ನಗುತ್ತಿತ್ತು. ಅದರ ಪಕ್ಕದಲ್ಲಿ ನಿಂತು ನಾನು ಆಟಿಕೆ ಕಂಪನಿಗಳ ಅಭಿರುಚಿಯ ಬಗ್ಗೆ ಭಾಷಣ ಮಾಡುತ್ತಿದ್ದೆ. ನನ್ನ ತರಗತಿಯಲ್ಲಿ ಯಾರಾದರೂ ಕಣ್ಣೆದುರಿನ ವಿಷಯವನ್ನು ಇಷ್ಟು ದಡ್ಡತನದಿಂದ ಓದಿದ್ದರೆ ಸೊನ್ನೆ ಹಾಕುತ್ತಿದ್ದೆ.

ವರ್ಷ ತುಂಬಿದ ದಿನ ಬೆಳಿಗ್ಗೆ ಅತ್ತೆ ಮತ್ತೆ ಬಂದಿದ್ದರು. ಮಗು ನಡುಮನೆಯಲ್ಲಿ ನಮಗೆ ಬೆನ್ನು ಹಾಕಿ ಡೋಲು ತಟ್ಟುತ್ತಿತ್ತು. ಅತ್ತೆ ಅಡುಗೆಮನೆಯಿಂದ ಇಡ್ಲಿ ಪಾತ್ರೆಯ ಮುಚ್ಚಳ ತಂದು, ಮಗುವಿನ ಹಿಂದೆ ನಿಂತು, ಸಿಮೆಂಟು ನೆಲಕ್ಕೆ ಬಿಟ್ಟರು. ಕೈ ಜಾರಿದ್ದಲ್ಲ, ಬೇಕೆಂದೇ ಬಿಟ್ಟರು. ನನ್ನ ಕೈಯ ಲೋಟ ಚೆಲ್ಲಿತು. ಸ್ನಾನ ಮಾಡುತ್ತಿದ್ದ ಗಂಡ "ಏನಾಯ್ತು?" ಎಂದು ಒಳಗಿನಿಂದ ಕೂಗಿದ. ಮುಚ್ಚಳ ಗಿರಗಿರ ತಿರುಗಿ ತಿರುಗಿ ನಿಂತಿತು. ಮಗು ಡೋಲು ತಟ್ಟುತ್ತಲೇ ಇತ್ತು.

"ಈಗ್ ಏಳಮ್ಮ," ಎಂದರು ಅತ್ತೆ. "ಈ ಮುಚ್ಳಾನೂ ನಿನ್ ಮಗ್ಳಿಗೆ ಇಷ್ಟ ಆಗ್ಲಿಲ್ವಾ?"

ಕೋಲಾರಕ್ಕೆ ಹೋದೆವು, ಅಲ್ಲಿಂದ ಬೆಂಗಳೂರಿಗೆ. ಆಸ್ಪತ್ರೆಯಲ್ಲಿ ವೈದ್ಯರು ಮಗುವನ್ನು ಮಲಗಿಸಿ ತಲೆಗೆ ತಂತಿ ಅಂಟಿಸಿ ನೋಡಿದರು. ಎರಡೂ ಕಿವಿಗೆ ಕೇಳಿಸುವುದು ಬಹಳ ಕಡಿಮೆ, ಪೂರ್ತಿ ಇಲ್ಲವೆಂದಲ್ಲ, ಯಂತ್ರ ಹಾಕಿದರೆ ಸದ್ದು ಸಿಗಬಹುದು, ಸದ್ದು ಸಿಕ್ಕರೆ ಮಾತು ಬರಬಹುದು ಎಂದರು. ಸೈರನ್ನಿನ ವಿಷಯ ನಾನೇ ಹೇಳಿದೆ. ಎರಡು ರಸ್ತೆಯಾಚೆಯ ಆ ಕೂಗು ಗೋಡೆ ದಾಟಿ ಬರುವ ಹೊತ್ತಿಗೆ ಇವಳ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ ಎಂದರು. "ಇನ್ನೂ ಸ್ವಲ್ಪ ಮೊದಲೇ ಬಂದಿದ್ರೆ ಚೆನ್ನಾಗಿತ್ತು. ಈ ವಯಸ್ಸಲ್ಲಿ ಒಂದೊಂದು ತಿಂಗಳೂ ಮುಖ್ಯ."

ವಾಪಸು ಬರುವಾಗ ರೈಲಿನಲ್ಲಿ ಗಂಡ ಕಿಟಕಿಯ ಕಡೆ ನೋಡುತ್ತಾ ಹೇಳಿದ: "ಅಮ್ಮ ಡಬ್ಬಿ ತಂದ ದಿನಾನೇ ಹೇಳಿದ್ಳಲ್ಲ, ಕಿವಿ ತೋರಿಸಿ ಅಂತ."

"ಯಾವಾಗ? ಎಲ್ಲಿ?"

"ಅಡುಗೆಮನೇಲಿ. ನೀನು ಅವರೆಕಾಯಿ ಸುಲೀತಿದ್ದೆ. ಎಂಟು ತಿಂಗಳಿಗೇ ಯಾರಾದ್ರೂ ಹಾಗಂತಾರಾ ಅಂದೆ ನೀನು."

ಅವರೆಕಾಯಿ ನೆನಪಿದೆ, ಸುಲಿದ ಸಿಪ್ಪೆಯ ಸೊಗಡೂ ನೆನಪಿದೆ. ಆ ಮಾತು ನೆನಪಿಲ್ಲ. ದಿನಚರಿಯಲ್ಲೂ ಇಲ್ಲ. ನೆನಪು ತನಗೆ ಒಲ್ಲದ್ದನ್ನು ಬಿಡುತ್ತದೆಂದು ನಾನು ಮೊದಲಿನಿಂದಲೂ ಅನುಮಾನಿಸಿದವಳು, ಅದಕ್ಕೆಂದೇ ಬರೆದಿಡುತ್ತಿದ್ದವಳು. ಬರೆಯುವ ಕೈಯೂ ಅದೇ ತಲೆಗೆ ಸೇರಿದ್ದೆಂಬುದು ಮಾತ್ರ ಹೊಳೆದಿರಲಿಲ್ಲ. ಅಥವಾ ಗಂಡನೇ ಈಗ ಕಟ್ಟಿ ಹೇಳಿದನೇ? ತಾನೂ ಸುಮ್ಮನಿದ್ದ ತಪ್ಪಿಗೆ ಜೊತೆ ಬೇಕಿತ್ತೇ? ಅತ್ತೆಯನ್ನೇ ಕೇಳಿದೆ.

"ಏಳಿದ್ನೋ ಇಲ್ವೋ, ಯಾರಿಗ್ ಗ್ಯಾನ ಅಯ್ತೆ," ಎಂದರು, ಮಗುವಿನ ತಲೆಗೆ ಎಣ್ಣೆ ತಟ್ಟುತ್ತಾ. "ಓಗ್ಲಿ ಬಿಡು. ಈಗೇನ್ ಮಾಡ್ಬೇಕಂತೆ ಅದ್ನ ಏಳು."

ಅವರಿಗೆ ಎಲ್ಲವೂ ನೆನಪಿರುತ್ತದೆ. ಯಾವ ಹಸು ಯಾವ ವಾರ ಕರು ಹಾಕಿತೆಂಬುದೂ ನೆನಪಿರುತ್ತದೆ. ನನ್ನನ್ನು ಸುಮ್ಮನೆ ಬಿಟ್ಟುಬಿಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು.

ಯಂತ್ರಗಳು ಬಂದವು, ಅವರೆಕಾಳಿಗಿಂತ ಸ್ವಲ್ಪ ದೊಡ್ಡವು. ಮಗಳು ಕಿತ್ತು ಬಾಯಿಗೆ ಹಾಕಿಕೊಂಡಳು, ಎಸೆದಳು, ಹುಡುಕಿ ತಂದು ಮತ್ತೆ ಎಸೆದಳು. ನಾನು ತಂದ ಯಾವ ಆಟಿಕೆಯೂ ಅವಳನ್ನು ಅಷ್ಟು ಹೊತ್ತು ಹಿಡಿದಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗೆ ಮಾತು ಕಲಿಸುವ ಹುಡುಗಿ ಹೇಳಿದಳು: "ಬೆಳಕು ಬರೋ ಆಟಿಕೆ ಬೇಡ ಮೇಡಂ, ಅದನ್ನ ಕಣ್ಣಲ್ಲೇ ಆಡಿಬಿಡ್ತಾಳೆ. ಸದ್ದು ಮಾತ್ರ ಮಾಡೋದು ತನ್ನಿ. ಅವಳ ಹಿಂದೆ ಕೂತು ಆಡಿಸಿ, ತಿರುಗ್ತಾಳಾ ನೋಡಿ."

ಮತ್ತೆ ಬಂಗಾರಪೇಟೆಯ ಅಂಗಡಿಗೆ ಹೋದೆ. ಈ ಸಲ ಪಟ್ಟಿ ಇರಲಿಲ್ಲ. ದೀಪವಿಲ್ಲದ, ಹಾಡಿಲ್ಲದ, ಬರೀ ಗಲಗಲ ಎನ್ನುವಂಥದ್ದು ಬೇಕೆಂದೆ. ಅಂಗಡಿಯವನು ಮೇಲಿನಿಂದ ಕೆಳಗೆ ನೋಡಿದ. ಹಿಂದಿನ ಸಲ ನಾನು ಅವನನ್ನು ನೋಡಿದ್ದು ಹಾಗೆಯೇ ಇರಬೇಕು.

"ಅಂಥ ಓಲ್ಡ್ ಮಾಡಲ್ ಯಾರ್ ಇಡ್ತಾರೆ ಮೇಡಂ? ಓದಿದೋರು ಅದನ್ನೆಲ್ಲ ಮುಟ್ಟಲ್ಲ."

ಅತ್ತೆಗೆ ಫೋನು ಮಾಡಿದೆ. ವಾರದೊಳಗೆ ಬಂದು ಅದೇ ಡಬ್ಬಿ ಕೊಟ್ಟರು, ಒಂಟಿಕಣ್ಣಿನ ಹೆಂಗಸಿನದೇ. ಬಾಯಿಗೆ ಬಟ್ಟೆಯ ಬದಲು ನಾಲ್ಕು ಸುತ್ತು ಟೇಪು. "ಈಗ್ ಗಂಟ್ಲಿಗೆ ಓಗಲ್ಲ ಬಿಡು," ಎಂದರು, ನನ್ನ ಮುಖ ನೋಡದೆ.

ಯಂತ್ರಗಳು ಕಿವಿಯಲ್ಲಿ ನಿಂತ ಮೇಲೆ ದಿನಾ ಬೆಳಿಗ್ಗೆ ಸಂಜೆ ಅವಳ ಹಿಂದೆ ಕುಳಿತು ಅಲ್ಲಾಡಿಸಿದೆ. ಮೂರು ವಾರ ಏನೂ ಇಲ್ಲ. ಕೆಲವೊಮ್ಮೆ ತಿರುಗುತ್ತಿದ್ದಳು, ಆದರೆ ನೆಲದ ಮೇಲೆ ನನ್ನ ನೆರಳು ಕಂಡೋ, ಸೀರೆ ಸೋಕಿಯೋ ಇರಬಹುದು. ಅಂಥವನ್ನು ಬರೆದುಕೊಳ್ಳಲಿಲ್ಲ. "ಧೈರ್ಯದ ಮಗು" ಎಂದು ಬರೆದ ಕೈಗೆ ಅಷ್ಟು ಸುಲಭವಾಗಿ ಪೆನ್ನು ಕೊಡಬಾರದು.

ಒಂದು ಮಂಗಳವಾರ, ಊಟದ ವೇಳೆಯ ಸೈರನ್ನಿಗೆ, ನನ್ನೆದುರು ಕುಳಿತು ಅನ್ನ ಕೆದಕುತ್ತಿದ್ದ ಮಗಳ ಮೈ ಜಿಗಿಯಿತು. ತುಟಿ ಸೊಟ್ಟಗಾಗಿ ಜೋರಾಗಿ ಅತ್ತಳು. ಪಕ್ಕದ ಮನೆಯಾಕೆ ಓಡಿ ಬಂದರು. "ಅಯ್ಯ ಶಿವನ, ಕೂಸು ಅಂಜಿತಲ್ರೀ! ಎಂದೂ ಅಂಜದ ಕೂಸು! ಎತ್ತಿಕೊಳ್ರೀ ಮೊದಲ, ಏನ್ ನೋಡಕೋತ ಕುಂತೀರಿ?"

ಎತ್ತಿಕೊಂಡೆ. ಆದರೆ ನಂಬಲಿಲ್ಲ. ಸೈರನ್ನಿಗೆ ಮೊದಲು ಬೆಚ್ಚಿದ್ದು ನಾನೇ ಇರಬಹುದು, ಆ ಮೂರು ವಾರ ಪ್ರತಿ ಸದ್ದಿಗೂ ಬೆಚ್ಚುತ್ತಿದ್ದೆ. ಮಗು ನನ್ನ ಮುಖ ನೋಡಿ ಅತ್ತಿರಬಹುದು.

ಮರುದಿನ ಅದೇ ಹೊತ್ತಿಗೆ ಅವಳನ್ನು ಖಾಲಿ ಗೋಡೆಗೆ ಮುಖ ಮಾಡಿ ಕೂರಿಸಿದೆ. ಡೋಲನ್ನು ಅಟ್ಟಕ್ಕೆ ಹಾಕಿದ್ದೆ. ಕೈಗೆ ಒಂದು ಮರದ ಸೌಟು ಕೊಟ್ಟು, ನೆರಳು ಬೀಳದ ಕಡೆ, ಎರಡು ಮಾರು ಹಿಂದೆ ಕುಳಿತೆ. ಉಸಿರು ಬಿಗಿಹಿಡಿದೆ. ಸೈರನ್ ಕೂಗಿತು. ಸೌಟು ನೆಲಕ್ಕೆ ಬಿತ್ತು. ಮಗು ಮೊದಲು ಗೋಡೆಯನ್ನು ನೋಡಿತು, ಆಮೇಲೆ ತಲೆಯೆತ್ತಿ ಸೂರು ನೋಡಿತು. ಕೊನೆಗೆ ಇಡೀ ಮೈ ತಿರುಗಿಸಿ, ನನ್ನನ್ನು ಹುಡುಕಿ, ಇದೇನೆಂದು ಕೇಳುವಂತೆ ಅಳತೊಡಗಿತು.

ದಿನಚರಿ ಪಕ್ಕದಲ್ಲೇ ಇತ್ತು. ಬರೆದೆ: "ಹೆದರಿದಳು."