ಸೌನಾದಲ್ಲಿ ಅಳಿಸಿಹೋದ ಗೆರೆಗಳು

ಸೋಮವಾರದ ಬೆಳಗು, ಫಿನ್ಲೆಂಡಿನ ತಾಂಪೆರೆಯಲ್ಲಿ ಇನ್ನೂ ಚಳಿಗಾಲದ ಕತ್ತಲೆ. ಕ್ಯಾನ್ಸರ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಯ್ಲಾ ರೂಸ್ಕನೆನ್ ವಿಕಿರಣ ಯಂತ್ರ ಚಾಲೂ ಮಾಡಿ, ತಣ್ಣಗಿನ ಮೇಜಿನ ಮೇಲೆ ಹೊದಿಕೆ ಹಾಸುತ್ತಾರೆ. ಮೊದಲ ರೋಗಿ ತೌನೊ, ದಿಮ್ಮಿ ಲಾರಿ ಓಡಿಸಿ ನಿವೃತ್ತರಾದವರು. ಪ್ಯಾಂಟು ಸರಿಸಿದ್ದೇ ತಡ, ಎಯ್ಲಾ ಕೈ ನಿಲ್ಲುತ್ತದೆ. ಕಳೆದ ವಾರ ತೊಡೆಯ ಮೇಲೆ ಎಳೆದ ನೀಲಿ ಗೆರೆಗಳೇ ಇಲ್ಲ.

"ಸೌನಾಗೆ ಹೋಗಿದ್ರಾ?"

"ಮೊನ್ನೆ ಶನಿವಾರ, ಸೌನಾ ದಿನ ಅಲ್ವೇನಮ್ಮ! ತೊಡೆ ಹೊರಗಿಟ್ಟು ಮಿಕ್ಕಿದ್ದು ಮಾತ್ರ ಒಳಗೆ ಕೂರೋಕಾಗುತ್ತಾ?"

"ಬರ್ಚ್ ಮರದ ಸೊಪ್ಪಲ್ಲಿ ಮೈ ಬಡ್ಕೊಂಡ್ರಾ?"

"ಅದಿಲ್ದೆ ಎಂಥಾ ಸೌನಾ?"

ಎಯ್ಲಾ ಬೈಯುವುದಿಲ್ಲ. ತಮ್ಮ ಮನೆಯಲ್ಲೂ ಮೊನ್ನೆ ಸೌನಾ, ಆ ಬಿಸಿ ಹಬೆಯ ಸ್ನಾನದ ಕೋಣೆ, ಕಾದಿತ್ತು. ಆದರೆ ಗುರಿ ತೋರುವ ಗೆರೆಯಿಲ್ಲದೆ ಕಿರಣ ಬಿಡುವಂತಿಲ್ಲ. ತೌನೊಗೆ ಚರ್ಮದ ಕ್ಯಾನ್ಸರ್ ಹರಡಿದೆ. ತೊಡೆಯಲ್ಲೊಂದು ಗಡ್ಡೆ, ಕೊರಳೆಲುಬಿನ ಹತ್ತಿರ ಇನ್ನೊಂದು. ಕಿರಣ ಬೀಳುವುದು ತೊಡೆಗೆ ಮಾತ್ರ. ಅಲ್ಲಿ ಒಡೆದುಬಿದ್ದ ಕ್ಯಾನ್ಸರ್ ಕೋಶಗಳ ಚೂರು ನೋಡಿ ಮೈಯ ರಕ್ಷಣಾ ಕೋಶಗಳು ಶತ್ರುವಿನ ಗುರುತು ಹಿಡಿಯಬಹುದು. ಕೊರಳ ಗಡ್ಡೆಯನ್ನೂ ಹುಡುಕಿಕೊಂಡು ಹೋಗಬಹುದು. ಅವುಗಳಿಗೆ ಬಲ ಕೊಡಲು ಔಷಧಿಯ ಡ್ರಿಪ್ ಇದೆ. ಹೀಗೆ ಆಗುವುದು ಅಪರೂಪ. ಆದರೂ ತೌನೊಗೆ ಉಳಿದಿರುವ ಭರವಸೆ ಇದೊಂದೇ.

"ಅಂದಾಜಿಗೆ ಗೆರೆ ಎಳೆದುಬಿಡಮ್ಮ. ನಾನು ಹಿಮದಲ್ಲಿ ಜೀವಮಾನವೆಲ್ಲ ಅಂದಾಜಿಗೇ ಲಾರಿ ಓಡ್ಸಿದೀನಿ."

"ಎಷ್ಟು ಸಲ ಹಳ್ಳಕ್ಕೆ ಬಿದ್ರಿ?"

"ಎರಡೇ ಸಲ."

"ನನ್ನ ಹತ್ರ ಒಂದು ಸಲಾನೂ ಆಗಲ್ಲ."

ಮತ್ತೆ ಗೆರೆ ಎಳೆಯಲು ಹೊಸದಾಗಿ ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ವಿಭಾಗಕ್ಕೆ ಫೋನು ಮಾಡಿದರೆ, "ಇವತ್ತು ಜಾಗ ಇಲ್ಲ, ನಾಳೆ ಬನ್ನಿ" ಅನ್ನುತ್ತಾರೆ. ನಾಳೆ ಡ್ರಿಪ್ಪಿನ ದಿನ. ಕಿರಣ ಅದಕ್ಕೆ ಮೊದಲೇ ಆಗಬೇಕೆಂದು ಡಾಕ್ಟರು ಹೇಳಿದ್ದಾರೆ. ಎಯ್ಲಾ ಉಳಿದ ರೋಗಿಗಳನ್ನು ಜೊತೆಯವರಿಗೆ ಒಪ್ಪಿಸಿ, ಮೆಟ್ಟಿಲು ಹತ್ತಿ ಹೋಗಿ ಸ್ಕ್ಯಾನ್ ಕೋಣೆಯ ಬಾಗಿಲಲ್ಲೇ ನಿಲ್ಲುತ್ತಾರೆ. "ಜಾಗ ಆಗೋವರೆಗೂ ನಿಂತಿರ್ತೀನಿ, ನನಗೇನು ಅವಸರವಿಲ್ಲ." ಮಧ್ಯಾಹ್ನದ ಊಟದ ಹೊತ್ತಿಗೆ ಜಾಗ ಆಗುತ್ತದೆ. ಹೊಸ ಗೆರೆ ಎಳೆದು, ಮೇಲೆ ಟೇಪು ಅಂಟಿಸಿ, ಕಿರಣ ಕೊಟ್ಟು ಮುಗಿಸುವಾಗ ಸಂಜೆ. ಅವರ ಪಾಳಿ ಮುಗಿದು ಎಷ್ಟೋ ಹೊತ್ತಾಗಿದೆ.

ಮೂವತ್ತು ವರ್ಷದಿಂದ ಅವರದು ಇದೇ ಕೆಲಸ. ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಜನ. ಎತ್ತಿ, ಸರಿಸಿ ಭುಜ ಸವೆದಿದೆ. ಚಳಿಗಾಲದಲ್ಲಿ ಬಿಸಿಲು ಕಾಣುವುದು ರಜಾ ದಿನ ಮಾತ್ರ. ವಾಸಿಯಾದವರು ಹೂಗುಚ್ಛ ಕೊಡುವುದು ಡಾಕ್ಟರಿಗೆ. "ಒಳ್ಳೇದೇ ಆಯ್ತು, ನೆಲಮಾಳಿಗೇಲಿ ಹೂ ಬಾಡುತ್ತೆ," ಎಂದು ಎಯ್ಲಾ ನಗುತ್ತಾರೆ.

ತಿಂಗಳುಗಳು ಕಳೆದು ಈಗ ಮಾರ್ಚ್. ತೌನೊ ಏಲಕ್ಕಿ ಬನ್ನಿನ ಪೊಟ್ಟಣ ಹಿಡಿದು ಕೆಳಗಿಳಿದು ಬಂದಿದ್ದಾರೆ. ಕಿರಣ ಮುಟ್ಟದ ಆ ಕೊರಳ ಗಡ್ಡೆ ಅರ್ಧಕ್ಕಿಳಿದಿದೆ. ಕಿರಣದಿಂದಲೋ, ಡ್ರಿಪ್ಪಿನಿಂದಲೋ, ಎರಡೂ ಸೇರಿಯೋ, ಒಬ್ಬರನ್ನು ನೋಡಿ ಹೇಳಲಾಗದು ಎನ್ನುತ್ತಾರೆ ಡಾಕ್ಟರು. ತೌನೊಗೆ ಬೇರೆಯದೇ ಚಿಂತೆ.

"ಕಿರಣ ಬಿದ್ದ ಚರ್ಮ ವಾಸಿಯಾಯ್ತಲ್ಲ ತಾಯಿ, ಇನ್ನಾದ್ರೂ ಸೌನಾಗೆ ಹೋಗ್ಲಾ?"

"ಹೋಗಿ. ಚೆನ್ನಾಗಿ ಉಜ್ಕೊಳ್ಳಿ."

ಅವರು ಹೋದ ಮೇಲೆ ಎಯ್ಲಾ ಗೆರೆ ಎಳೆಯುವ ಪೆನ್ನಿನ ಮುಚ್ಚಳ ತೆಗೆಯುತ್ತಾರೆ. ಮುಂದಿನ ರೋಗಿ ಹೊರಗೆ ಕಾಯುತ್ತಿದ್ದಾರೆ. ಎಯ್ಲಾ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ: "ನನಗೇನು ದೊಡ್ಡ ಆಸೆಯಿಲ್ಲ. ನಾನೆಳೆದ ಗೆರೇನ ಅವರವರ ಮನೆ ಸೌನಾದಲ್ಲಿ ಕೂತು, ನಿಧಾನಕ್ಕೆ ತೊಳ್ಕೊಳ್ಳೋ ದಿನ ಇವರಿಗೆಲ್ಲ ಬರ್ಲಿ. ಅಲ್ಲೀವರೆಗೂ ಅಳಿಸಿದಷ್ಟು ಸಲ ಎಳೀತೀನಿ."